ನಲವತ್ತೊಂದು ಉಲ್ಲೇಖ

ಹದಿನೇಳನೆಯ ಪ್ರಬಂಧದಲ್ಲೂ ಅದೇ ವಾಕ್ಯ ಇತ್ತು.

ಅವನು ಕನ್ನಡಕ ತೆಗೆದು, ಟೈಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಓದಿದ. ಕನ್ನಡಕದ ತಪ್ಪೇನೂ ಇರಲಿಲ್ಲ. ಕುತ್ತಿಗೆಯ ಗಂಟಿಗೆ ಸೂಜಿ ಚುಚ್ಚಿ ತೆಗೆದ ಜೀವಕೋಶಗಳಲ್ಲಿ ಅಲ್ಲೊಂದು ಇಲ್ಲೊಂದರ ಕೇಂದ್ರ ಊದಿಕೊಂಡಿದ್ದರೆ ಗಾಬರಿಪಡಬೇಕಾಗಿಲ್ಲ, ಅದು ನಿರುಪದ್ರವಿ ಎಂದು ಈಗಾಗಲೇ ಸಾಬೀತಾಗಿದೆ, ಹೀಗೆ ಬರೆದು ವಾಕ್ಯದ ನೆತ್ತಿಯ ಮೇಲೆ ಪುಟ್ಟದೊಂದು ಅಂಕಿ ಕೂರಿಸಿದ್ದರು. ಆ ಅಂಕಿಯ ಬೆನ್ನು ಹತ್ತಿ ಕೊನೆಯ ಪುಟಕ್ಕೆ ಹೋದರೆ ಅಲ್ಲಿ ಅವನ ಹೆಸರು, ಒಂದು ಪತ್ರಿಕೆಯ ಹೆಸರು, ವರ್ಷ, ಪುಟಸಂಖ್ಯೆ. ಪ್ರಬಂಧದ ಶೀರ್ಷಿಕೆ ಇರಲಿಲ್ಲ. ಜಾಗ ಉಳಿಸಲೆಂದು ಶೀರ್ಷಿಕೆಯನ್ನು ಕೈಬಿಡುವ ಪತ್ರಿಕೆಗಳು ಅವು.

ಶೀರ್ಷಿಕೆ ಇದ್ದಿದ್ದರೆ ಯಾರಾದರೂ ಒಬ್ಬರು ಹುಬ್ಬೇರಿಸಿರುತ್ತಿದ್ದರು. ಆ ಪ್ರಬಂಧಕ್ಕೂ ಕುತ್ತಿಗೆಗೂ ನಂಟೇ ಇರಲಿಲ್ಲ. ಅದು ಫ್ಯಾನಿನ ಮೇಲೆ ಬರೆದದ್ದು. ಗಾಜಿನ ಸ್ಲೈಡಿನ ಮೇಲೆ ಸವರಿದ ಕೋಶಗಳು ಚೆನ್ನಾಗಿ ಒಣಗಬೇಕಾದರೆ ಸೀಲಿಂಗ್ ಫ್ಯಾನು ಮೇಲೋ ಟೇಬಲ್ ಫ್ಯಾನು ಮೇಲೋ ಎಂದು ಹನ್ನೆರಡು ವರ್ಷದ ಹಿಂದೆ ಮೂರು ತಿಂಗಳು ಗಡಿಯಾರ ಹಿಡಿದು ಕೂತು ನೋಡಿದ್ದ. ಅಂಥ ವ್ಯತ್ಯಾಸವೇನೂ ಇಲ್ಲ ಎಂದು ಕಂಡುಹಿಡಿದಿದ್ದ. ಪರೀಕ್ಷೆಗೆ ಬೇಕಾದ ಕೋಶಗಳನ್ನೆಲ್ಲ ಲ್ಯಾಬಿನ ಟೆಕ್ನಿಷಿಯನ್ನು ತನ್ನ ಕೆನ್ನೆಯ ಒಳಗಿನಿಂದಲೇ ಕೆರೆದು ಕೊಟ್ಟಿದ್ದ. ಸ್ಲೈಡುಗಳಿಗೆ ಬಣ್ಣ ಹಾಕಿ ಹಾಕಿ ಬೆರಳೆಲ್ಲ ನೇರಳೆಯಾಗಿದ್ದ ಆ ಮುದುಕನನ್ನು ಎಲ್ಲರೂ ಬಣ್ಣದಯ್ಯ ಎನ್ನುತ್ತಿದ್ದರು. ಅಂದರೆ ಜಗತ್ತಿನ ನಲವತ್ತೊಂದು ಪ್ರಬಂಧಗಳು ಈಗ ರೋಗಿಗಳ ಕುತ್ತಿಗೆಯ ಬಗ್ಗೆ ಮಾತಾಡುತ್ತ ಬಣ್ಣದಯ್ಯನ ಕೆನ್ನೆಯನ್ನು ಸಾಕ್ಷಿಗೆ ಕರೆಯುತ್ತಿದ್ದವು.

ಅವನು ಆ ನಲವತ್ತೊಂದನ್ನು ಇದುವರೆಗೆ ಎಣಿಸಿದ್ದನೇ ಹೊರತು ಓದಿರಲಿಲ್ಲ. ಓದುವುದಕ್ಕೆ ಪುರುಸೊತ್ತಿರಲಿಲ್ಲ ಅನ್ನುವುದು ಒಂದು ಮಾತು. ಓದಬೇಕು ಅಂತ ಅನ್ನಿಸಿರಲಿಲ್ಲ ಅನ್ನುವುದು ಇನ್ನೊಂದು. ಪ್ರತಿ ತಿಂಗಳ ಮೊದಲ ವಾರ ಲೆಕ್ಕ ಎಷ್ಟಾಯಿತು ಎಂದು ನೋಡುತ್ತಿದ್ದ. ಒಂದು ಏರಿದ್ದರೆ ಆ ದಿನ ಮನೆಗೆ ಹೋಗುವಾಗ ಸಿಳ್ಳೆ ಹಾಕುತ್ತಿದ್ದ.

ಇವತ್ತು ಓದಲು ಕಾರಣವಿತ್ತು. ಹನ್ನೊಂದು ಗಂಟೆಗೆ ಪ್ರೊಫೆಸರ್ ಹುದ್ದೆಯ ಸಂದರ್ಶನ. ಎರಡು ಸಲ ಕೈತಪ್ಪಿತ್ತು. ಈ ಸಲವೂ ತಪ್ಪಿದರೆ ಅವನ ಕೈಯಲ್ಲೇ ಪಾಠ ಹೇಳಿಸಿಕೊಂಡ ಒಬ್ಬ ಭೂಪ ಅವನಿಗೇ ಮೇಲಧಿಕಾರಿಯಾಗಿ ಬಂದು ಕೂರುತ್ತಿದ್ದ. ಆ ಭೂಪನಿಗೆ ‘ಸರ್’ ಎಂದು ಹೇಳುವುದನ್ನು ಅವನು ಸ್ನಾನದ ಮನೆಯಲ್ಲಿ ಒಂದೆರಡು ಸಲ ಅಭ್ಯಾಸ ಮಾಡಿ ನೋಡಿದ್ದ. ಬಾಯಿಂದ ಹೊರಡಲಿಲ್ಲ.

ಸಂದರ್ಶನಕ್ಕೆಂದು ಒಂದು ಚಿತ್ರ ಮಾಡಿದ್ದ. ‘ಜೀವಕೋಶ ರೋಗಪರೀಕ್ಷೆ: ಮೂವತ್ತು ವರ್ಷಗಳ ಸಂಶೋಧನೆಯ ಹಾದಿ ಮತ್ತು ಪ್ರಭಾವ’. ಪ್ರಬಂಧಕ್ಕೊಂದು ಗುಳ್ಳೆ, ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಗೆರೆಗಳು, ಹೆಚ್ಚು ಉಲ್ಲೇಖವಾದಷ್ಟೂ ಗುಳ್ಳೆ ದಪ್ಪ. ಬಲಗಡೆಯ ಮೂಲೆಯಲ್ಲಿ ಅವನ ಗುಳ್ಳೆ ಕೆಂಪಗೆ ಉಬ್ಬಿ ಕೂತಿತ್ತು. ಅದರ ಮೇಲೆ ಅವನಿಗೆ ಪ್ರೀತಿ ಹುಟ್ಟಿ ಆರು ತಿಂಗಳಾಗಿತ್ತು.

ಹೆಂಡತಿಗೆ ಫೋನ್ ಮಾಡಿದ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸ್ಟಾಫ್ ರೂಮಿನ ಗದ್ದಲದಲ್ಲೇ ಎಲ್ಲ ಕೇಳಿಸಿಕೊಂಡಳು.

“ಇದೇನು ಹೊಸದಾ? ನಮ್ಮ ಮಕ್ಕಳೂ ಹಾಗೇ ಕಣ್ರೀ. ಮೊದಲನೇ ಬೆಂಚಿನವನು ತಪ್ಪು ಬರೆದ್ರೆ ಕೊನೇ ಬೆಂಚಿನವರೆಗೂ ಅದೇ ತಪ್ಪು. ಕಾಮಾನೂ ಬಿಡದೆ ಇಳಿಸಿರ್ತಾರೆ. ನಾನು ಎಲ್ಲರಿಗೂ ಸೊನ್ನೆ ಕೊಡ್ತೀನಿ.”

“ನನಗೂ ಸೊನ್ನೇನಾ?”

“ನೀವು ಯಾವ ಬೆಂಚು?”

“ನಾನೇನೂ ತಪ್ಪು ಮಾಡಿಲ್ಲ ಕಣೆ. ಅವರೇ ತಂದು ನನ್ನ ತಲೆಗೆ ಕಟ್ಟಿದ್ದಾರೆ.”

“ಹಾಗಾದ್ರೆ ಸುಮ್ನಿರಿ. ಕೇಳಿದ್ರೆ ಹೇಳಿ, ಕೇಳದೇ ಇದ್ರೆ ನೀವಾಗಿ ಬಾಯಿ ಬಿಡ್ಬೇಡಿ. ಸಂದರ್ಶನ ಮುಗೀಲಿ.” ಫೋನಿಡಹೊರಟವಳು ಮತ್ತೆ ಕೇಳಿದಳು. “ಅಲ್ಲಾ ರೀ, ಕುತ್ತಿಗೆ ಅಂದ್ರಲ್ಲ. ಯಾರ ಕುತ್ತಿಗೆ?”

“ಯಾರದ್ದೂ ಅಲ್ಲ. ಪತ್ರಿಕೆಯೊಳಗಿನ ಕುತ್ತಿಗೆ.”

“ಸರಿ ಬಿಡಿ” ಎಂದಳು. ಗಂಟೆ ಹೊಡೆಯಿತು. ಅವಳು ತರಗತಿಗೆ ಹೋದಳು.

ಜೂನಿಯರ್ ಡಾಕ್ಟರು ಬಾಗಿಲು ತಟ್ಟಿ ಒಳಗೆ ಬಂದದ್ದು ಆಮೇಲೆ ಐದು ನಿಮಿಷಕ್ಕೆ. ಚುರುಕು ಹುಡುಗಿ. ಎರಡೇ ವರ್ಷದಲ್ಲಿ ಒಂಬತ್ತು ಪ್ರಬಂಧ ಬರೆದಿದ್ದಳು. ಅದರಲ್ಲಿ ಆರಕ್ಕೆ ಅವನ ಹೆಸರನ್ನೂ ಸೇರಿಸಿದ್ದಳು. ಕೈಯಲ್ಲಿ ಸ್ಲೈಡಿನ ತಟ್ಟೆ ಇತ್ತು.

“ಸರ್, ಎರಡೇ ನಿಮಿಷ. ಒಂದು ಕುತ್ತಿಗೆ ಗಂಟು ಇದೆ.”

ಅವನು ಹದಿನೇಳನೆಯದನ್ನು ಮಗುಚಿಟ್ಟ.

“ಯಾರದು?”

“ಟೈಲರ್ ಒಬ್ಬರು ಸರ್. ಮೂರು ದಿನದ ಹಿಂದೆ ನಾನೇ ಸೂಜಿ ಹಾಕಿದ್ದೆ. ಅಳತೆ ಟೇಪು ಕುತ್ತಿಗೆಗೆ ಹಾಕ್ಕೊಂಡಾಗ ಒಂದು ಕಡೆ ಜಾರ್ತಾನೇ ಇರ್ಲಿಲ್ವಂತೆ, ಹಾಗೆ ಗೊತ್ತಾಗಿದ್ದು. ರಿಪೋರ್ಟ್ ರೆಡಿ ಇದೆ. ನೀವು ಒಂದ್ಸಲ ಕಣ್ಣಾಡಿಸಿಬಿಟ್ರೆ ಹನ್ನೆರಡಕ್ಕೆ ಕೌಂಟರ್‌ಗೆ ಕಳಿಸ್ತೀನಿ.”

ಅವನು ಮೈಕ್ರೋಸ್ಕೋಪಿಗೆ ಬಗ್ಗಿದ. ಬಣ್ಣದಯ್ಯ ಬಣ್ಣ ಚೆನ್ನಾಗಿ ಹಾಕಿದ್ದ. ತಿಳಿನೀಲಿಯ ಬಯಲಲ್ಲಿ ಕೋಶಗಳು ತಮ್ಮ ಪಾಡಿಗೆ ತಾವು ಹರಡಿಕೊಂಡಿದ್ದವು. ಸ್ಲೈಡು ಸರಿಸುತ್ತ ಹೋದ. ಒಂದು ಕಡೆ ನಿಂತ. ಅಲ್ಲೊಂದು ಗುಂಪು, ಅದರಲ್ಲಿ ನಾಲ್ಕೈದರ ಕೇಂದ್ರ ಊದಿಕೊಂಡಿತ್ತು, ಮೇಲೆ ಮಡಿಕೆ ಬಿದ್ದಂಥ ಗೆರೆ. ಅವನಿಗೆ ಇಪ್ಪತ್ತು ವರ್ಷದ ಅಭ್ಯಾಸ. ಒಳ್ಳೆಯದಲ್ಲದ್ದನ್ನು ಕಂಡರೆ ಕಣ್ಣು ತಾನಾಗಿ ಅಲ್ಲೇ ನಿಲ್ಲುತ್ತಿತ್ತು. ಈಗಲೂ ನಿಂತಿತು.

“ಇವು...” ಎಂದ.

“ನಾನೂ ನೋಡ್ದೆ ಸರ್. ಅಲ್ಲೊಂದು ಇಲ್ಲೊಂದು ಇವೆ. ಅದಕ್ಕೇ ಆಧಾರ ಕೊಟ್ಟಿದ್ದೀನಿ.” ಅವಳು ವರದಿಯ ಕೆಳಗಿನ ಸಾಲನ್ನು ಬೆರಳಿಟ್ಟು ತೋರಿಸಿದಳು. “ನಿಮ್ಮದೇ.”

ವರದಿಯ ಕೆಳಗೆ ಆಧಾರ ಕೊಡಬೇಕೆಂಬ ನಿಯಮ ತಂದವನು ಅವನೇ. ಸ್ವಲ್ಪ ಅನುಮಾನವಿದ್ದರೂ ಸಾಕು, ಕೊನೆಗೆ ಒಂದು ಪ್ರಬಂಧದ ಹೆಸರು ಬರೆಯಲೇಬೇಕು, ಆಗ ವಿಭಾಗದಲ್ಲಿ ಓದುವ ಸಂಸ್ಕೃತಿ ಬೆಳೆಯುತ್ತದೆ ಎಂದು ಸುತ್ತೋಲೆ ಹೊರಡಿಸಿದ್ದ. ಸುತ್ತೋಲೆ ಇನ್ನೂ ಗೋಡೆಯ ಮೇಲಿತ್ತು.

‘ನಿರುಪದ್ರವಿ ಗಂಟು. ಎರಡು ವರ್ಷಕ್ಕೊಮ್ಮೆ ನೋಡಿಸಿದರೆ ಸಾಕು.’ ಅದರ ಕೆಳಗೆ ಅವನ ಹೆಸರು.

ಹೇಳಬೇಕಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಹೇಳಹೊರಟರೆ ಫ್ಯಾನಿನಿಂದ ಶುರುಮಾಡಬೇಕು. ಕೆನ್ನೆ, ಗಡಿಯಾರ, ನಲವತ್ತೊಂದು ಜನ, ಗುಳ್ಳೆ. ಎಲ್ಲ ಮುಗಿಯುವಷ್ಟರಲ್ಲಿ ಹನ್ನೊಂದೂವರೆ ಆಗುತ್ತಿತ್ತು. ಅದೂ ಅಲ್ಲದೆ ಈ ಹುಡುಗಿಯ ಮುಂದೆ ಹೇಗೆ ಹೇಳುವುದು? ಬಂದ ಮೇಲೆ ಹೇಳಿದರಾಯಿತು. ಹನ್ನೆರಡಕ್ಕೆ ತಾನೇ ಕಳಿಸುವುದು.

“ಓಕೇನಾ ಸರ್?”

ಅವನು ಫೈಲು ಹುಡುಕುತ್ತ ತಲೆಯಾಡಿಸಿದ.

“ಆಲ್ ದಿ ಬೆಸ್ಟ್ ಸರ್. ಇವತ್ತು ನಿಮ್ಮದೇ ದಿನ.”

ಸಂದರ್ಶನಕ್ಕೆ ಬಿಳಿ ಕೋಟು ಬೇಡವೆಂದು ಗೂಟಕ್ಕೆ ನೇತುಹಾಕಿ, ಹೆಸರಿನ ಬಿಲ್ಲೆಯನ್ನೂ ಅದಕ್ಕೇ ಸಿಕ್ಕಿಸಿ ಹೊರಟ. ಕಾರಿಡಾರಿನಲ್ಲಿ ಒಬ್ಬ ಹೆಂಗಸು ತಡೆದಳು. ನಲವತ್ತರ ಆಸುಪಾಸು. ಕಂಕುಳಲ್ಲಿ ಬಟ್ಟೆಚೀಲ, ಕುತ್ತಿಗೆಯಲ್ಲಿ ಹಸಿರು ಅಳತೆ ಟೇಪು. ತೆಗೆದಿಡುವುದನ್ನು ಮರೆತೇ ಬಂದಿರಬೇಕು.

“ರಿಪೋರ್ಟು ಎಲ್ಲಿ ಕೊಡ್ತಾರಪ್ಪಾ?”

ಅವನು ಅವಳ ಮುಖ ನೋಡಲಿಲ್ಲ. ಟೇಪನ್ನು ನೋಡಿದ. ಅದು ಎಡಗಡೆ ಸ್ವಲ್ಪ ಎತ್ತರಕ್ಕೆ ನಿಂತಿತ್ತು.

“ಕೆಳಗೆ. ಎಡಕ್ಕೆ” ಎಂದು ಕೈ ತೋರಿಸಿ ದಡದಡ ಮೆಟ್ಟಿಲು ಹತ್ತಿದ.

ಈಗ ಕರೆಯುತ್ತೇವೆ, ಈಗ ಕರೆಯುತ್ತೇವೆ ಎಂದು ಮುಕ್ಕಾಲು ಗಂಟೆ ಹೊರಗೆ ಕೂರಿಸಿ ಕರೆದರು. ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನಾಚೆ ಮೂವರು. ಮಧ್ಯದಲ್ಲಿ ಅಧ್ಯಕ್ಷರು. ಜೀವಕೋಶ ಪರೀಕ್ಷೆಯ ಲೋಕದಲ್ಲಿ ಅವರು ಕೆಮ್ಮಿದರೆ ಅದೂ ಅಚ್ಚಾಗುತ್ತಿತ್ತು. ಎಡಕ್ಕೆ ಕಡುನೀಲಿ ಸೀರೆಯ ಡೀನ್ ಮೇಡಂ. ಬಲಕ್ಕೆ ಆಡಳಿತದ ಅಧಿಕಾರಿ; ಅವರಿಗೆ ಜೀವಕೋಶವೆಂದರೇನೆಂದು ಗೊತ್ತಿರಲಿಲ್ಲ, ಹಾಗಾಗಿ ಮೂವರಲ್ಲಿ ಅವರೊಬ್ಬರೇ ಗಮನವಿಟ್ಟು ಕೇಳುವ ಮುಖ ಮಾಡಿಕೊಂಡಿದ್ದರು.

“ಬನ್ನಿ ಬನ್ನಿ” ಎಂದರು ಅಧ್ಯಕ್ಷರು. “ನಿಮ್ಮನ್ನ ನಾವೇನ್ರೀ ಕೇಳೋದು? ಈ ಗುಳ್ಳೆ ನೋಡಿದ್ರೆ ಸಾಲದಾ?”

ಗೋಡೆಯ ಮೇಲೆ ಅವನ ಚಿತ್ರ ಬೆಳಗುತ್ತಿತ್ತು. ಅಷ್ಟು ದೊಡ್ಡದಾಗಿ ಅದನ್ನು ಅವನು ನೋಡಿರಲಿಲ್ಲ. ಕೆಂಪು ಗುಳ್ಳೆ ಅವನ ತಲೆಯಷ್ಟೇ ಗಾತ್ರಕ್ಕಿತ್ತು.

ಹೆಂಡತಿ ಹೇಳಿದ್ದು ನೆನಪಿತ್ತು. ಕೇಳದೇ ಇದ್ದರೆ ಬಾಯಿ ಬಿಡಬೇಡಿ. ಅವರು ಕೇಳಿರಲಿಲ್ಲ. ಆದರೆ ಕಣ್ಣ ಮುಂದೆ ಆ ಹಸಿರು ಟೇಪು ಬಂದು ನಿಂತಿತು, ಎಡಗಡೆ ಎತ್ತರವಾಗಿ.

“ಸರ್, ಆ ಗುಳ್ಳೆ ಬಗ್ಗೆ ಒಂದು ಮಾತು ಹೇಳ್ಬೇಕು.”

“ಹೇಳಿ, ಹೇಳಿ.”

“ಅದು ಫ್ಯಾನಿನ ಮೇಲೆ ಬರೆದಿದ್ದು ಸರ್.”

ಡೀನ್ ಮೇಡಂ ಪೆನ್ನು ಕೆಳಗಿಟ್ಟರು. “ಫ್ಯಾನ್ ಅಂದ್ರೆ?”

“ಗಾಳಿ ಬರುತ್ತಲ್ಲ ಮೇಡಂ, ಆ ಫ್ಯಾನ್. ಸೀಲಿಂಗ್ ಫ್ಯಾನ್. ಮತ್ತೆ ಟೇಬಲ್ ಫ್ಯಾನ್.”

ಆಡಳಿತದವರು ತಲೆಯೆತ್ತಿ ಮೇಲೆ ನೋಡಿದರು. ಅಲ್ಲಿ ಎ.ಸಿ. ಇತ್ತು.

“ಕುತ್ತಿಗೆ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ ಸರ್. ನಾನು ಎಲ್ಲೂ ಹಾಗೆ ಬರೆದಿಲ್ಲ. ನಲವತ್ತೊಂದು ಜನಾನೂ ಹೇಗೆ ಹಾಗೆ ಬರೆದ್ರೋ ನನಗೆ ಗೊತ್ತಿಲ್ಲ.”

ಮಾತು ಮುಗಿಯುತ್ತಿದ್ದಂತೆ ಕೆಲಸ ಕೆಟ್ಟಿತು ಎಂದುಕೊಂಡ. ಆಶ್ಚರ್ಯ, ಮನಸ್ಸು ಹಗುರವೂ ಆಯಿತು. ಪಾಠ ಹೇಳಿಸಿಕೊಂಡ ಭೂಪನಿಗೆ ಸರ್ ಎಂದರಾಯಿತು, ಅದರಲ್ಲಿ ತನ್ನ ಗಂಟೇನು ಹೋಗುತ್ತದೆ?

ಅಧ್ಯಕ್ಷರು ಮಾತ್ರ ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಅಯ್ಯೋ, ಮೊದಲು ಬರೆದವನು ನಾನೇ ಕಣ್ರೀ! ಮರೆತುಬಿಟ್ರಾ? ಸಮ್ಮೇಳನದಲ್ಲಿ, ಊಟದ ಸಾಲಲ್ಲಿ, ನೀವು ನನ್ನ ಪಕ್ಕ ತಟ್ಟೆ ಹಿಡ್ಕೊಂಡು ನಿಂತಿದ್ರಿ. ನಾನು ಕೇಳ್ದೆ: ಈ ಊದಿದ ಕೋಶಗಳು ಅಲ್ಲೊಂದು ಇಲ್ಲೊಂದು ಕಂಡ್ರೆ ಏನೂ ತೊಂದರೆ ಇಲ್ಲ, ಅಲ್ವೇನ್ರೀ ಅಂತ. ನೀವು ತಲೆಯಾಡಿಸಿದ್ರಿ.”

“ನಾನಾ?”

“ಚೆನ್ನಾಗಿ ಆಡಿಸಿದ್ರಿ. ಎರಡು ಸಲ.”

ಅವನು ನೆನಪಿಸಿಕೊಳ್ಳಲು ಒದ್ದಾಡಿದ. ಸಾಲು ನೆನಪಾಯಿತು. ಇಷ್ಟು ದೊಡ್ಡ ಮನುಷ್ಯ ತನ್ನನ್ನು ಮಾತಾಡಿಸಿದನಲ್ಲ ಎಂಬ ಪುಳಕ ನೆನಪಾಯಿತು. ಪ್ರಶ್ನೆ ನೆನಪಾಗಲಿಲ್ಲ.

“ನನ್ನ ಬಾಯಲ್ಲಿ ತುತ್ತಿತ್ತು ಸರ್.”

“ಇತ್ತು, ಇತ್ತು. ಅದಕ್ಕೇ ನೀವು ಮಾತಾಡ್ಲಿಲ್ಲ. ನಾನು ಬಂದು ಬರೆದೆ. ಬರೆದ್ಮೇಲೆ ಆಧಾರ ಕೊಡ್ಬೇಕಲ್ಲ? ನಿಮ್ಮ ಹೆಸರು ಹುಡುಕಿದೆ, ಒಂದು ಪ್ರಬಂಧ ಸಿಕ್ತು, ಹಾಕ್ದೆ. ನಿಮಗೆ ಸಲ್ಲಬೇಕಾದ್ದು ನಿಮಗೆ ಸಲ್ಲಲಿ ಅಂತ.”

“ಓದಿದ್ರಾ ಸರ್?”

“ನಿಮ್ಮ ಮೇಲೆ ನಂಬಿಕೆ ಇತ್ತಲ್ರೀ.”

ಡೀನ್ ಮೇಡಂ ಗಂಟಲು ಸರಿಮಾಡಿಕೊಂಡರು. “ಹಾಗಾದ್ರೆ ಆ ಮಾತು ನಿಜಾನೋ ಸುಳ್ಳೋ?”

“ನಲವತ್ತೊಂದು ಜನ ಹೇಳಿದ್ಮೇಲೆ...” ಅಧ್ಯಕ್ಷರು ಕೈ ಅಗಲಿಸಿದರು.

“ಅವರೆಲ್ಲ ನಿಮ್ಮನ್ನ ನೋಡಿ ಬರೆದಿದ್ದಾರೆ ಸರ್.”

“ನಾನು ನಿಮ್ಮನ್ನ ನೋಡಿ ಬರೆದೆ.”

“ನಾನು ಏನೂ ನೋಡಿರ್ಲಿಲ್ಲ ಸರ್! ಊಟ ಮಾಡ್ತಿದ್ದೆ!”

ಆಡಳಿತದವರಿಗೆ ಈಗ ನಗು ತಡೆಯಲಾಗಲಿಲ್ಲ. ಅಭ್ಯರ್ಥಿಗೆ ಹಾಸ್ಯಪ್ರಜ್ಞೆ ಇದೆ ಎಂದು ಅವರು ಹಾಳೆಯ ಮೇಲೆ ಬರೆದುಕೊಂಡದ್ದು ಅವನಿಗೆ ತಲೆಕೆಳಗಾಗಿ ಕಾಣಿಸಿತು. ಡೀನ್ ಮೇಡಂ ನಗಲಿಲ್ಲ. ಆದರೆ ಅವರ ಮುಖದಲ್ಲಿ ಏನೋ ಲೆಕ್ಕ ನಡೆದಂತಿತ್ತು. ಆ ಊದಿದ ಕೋಶಗಳ ಮೇಲೆ ಅವರದೂ ಒಂದು ಪ್ರಬಂಧವಿತ್ತು. ಆ ನಲವತ್ತೊಂದರಲ್ಲಿ ಇಪ್ಪತ್ತಾರನೆಯದು.

“ಈಗ ಅದನ್ನೆಲ್ಲ ಕೆದಕೋದು ಬೇಡ” ಎಂದರು ಮೇಡಂ ನಿಧಾನಕ್ಕೆ. “ಸಂಸ್ಥೆಯ ಹೆಸರಿನ ಪ್ರಶ್ನೆ.”

“ಅಷ್ಟೇ ಮತ್ತೆ” ಎಂದರು ಅಧ್ಯಕ್ಷರು. “ಒಂದೇ ಪ್ರಶ್ನೆ ಕೇಳ್ತೀನಿ, ಪ್ರಾಮಾಣಿಕವಾಗಿ ಹೇಳಿ. ಪ್ರೊಫೆಸರ್ ಆಗೋ ಆಸೆ ಇದೆಯಾ ಇಲ್ವಾ?”

ಅವನು ತಲೆಯಾಡಿಸಿದ.

ಆಡಿಸಿದ್ದು ತಾನೇ ಎಂದು ಅವನಿಗೆ ಗೊತ್ತಾದದ್ದು ಅವರ ಮೂರು ಮುಖಗಳೂ ಅರಳಿದ ಮೇಲೆ. ಕುತ್ತಿಗೆಯ ಮೇಲಿನ ಆ ಭಾರ ಅವನನ್ನು ಕೇಳದೆ ಮುಂದಕ್ಕೆ ಬಾಗಿ ಹಿಂದಕ್ಕೆ ಬಂದಿತ್ತು. ಹುಟ್ಟಿದಾಗಿನಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆಯಲ್ಲ ಎಂದುಕೊಂಡ. ಅಪ್ಪ ಡಾಕ್ಟರಾಗುತ್ತೀಯಾ ಎಂದಾಗ, ಹೆಣ್ಣು ನೋಡಲು ಹೋದ ಮನೆಯಲ್ಲಿ ಒಪ್ಪಿಗೆಯಾ ಎಂದಾಗ, ಆರು ಪ್ರಬಂಧಗಳಿಗೆ ನಿಮ್ಮ ಹೆಸರೂ ಹಾಕಲಾ ಸರ್ ಎಂದಾಗ. ಬೆಳಿಗ್ಗೆ, ಓಕೇನಾ ಸರ್ ಎಂದಾಗ.

ಬೆಳಿಗ್ಗೆ!

ಗೋಡೆ ಗಡಿಯಾರದಲ್ಲಿ ಹನ್ನೆರಡು ಹತ್ತಾಗಿತ್ತು. ಅವನು ಕುರ್ಚಿ ಕೆಡವಿಕೊಂಡು ಎದ್ದು ಓಡಿದ.

“ನೋಡಿ, ಖುಷಿಗೆ ಕಾಲು ನಿಲ್ತಾ ಇಲ್ಲ” ಎಂದು ಅಧ್ಯಕ್ಷರು ಹೇಳಿದ್ದು ಬೆನ್ನ ಹಿಂದೆ ಕೇಳಿಸಿತು.

ಲ್ಯಾಬಿನ ಬಾಗಿಲಲ್ಲಿ ಜೂನಿಯರ್ ಎದುರಾದಳು.

“ಕಂಗ್ರಾಟ್ಸ್ ಸರ್! ಮೇಲಿಂದ ಆಗಲೇ ಫೋನ್ ಬಂತು.”

“ಆ ಟೈಲರ್ ರಿಪೋರ್ಟು?”

“ಹೋಯ್ತಲ್ಲ ಸರ್. ಹನ್ನೆರಡಕ್ಕೆ ಸರಿಯಾಗಿ. ಪಾಪ, ಎಷ್ಟು ಖುಷಿಪಟ್ರು ಗೊತ್ತಾ. ನಿಮ್ಮ ಬಗ್ಗೆಯೂ ಹೇಳ್ದೆ.”

“ಅದು ತಪ್ಪು ಕಣಮ್ಮಾ. ಆ ಗಂಟು ಕೆಟ್ಟದ್ದು. ಆಪರೇಷನ್ ಆಗ್ಬೇಕು.”

ಅವಳು ಬೆಪ್ಪಾಗಿ ನಿಂತಳು. “ಆದ್ರೆ ಸರ್, ನಿಮ್ಮ ಪ್ರಬಂಧ...”

“ಅದು ಫ್ಯಾನು! ಬಣ್ಣದಯ್ಯನ್ನ ಕೇಳು!”

ಸಿಂಕಿನ ಬಳಿ ಸ್ಲೈಡು ತೊಳೆಯುತ್ತಿದ್ದ ಬಣ್ಣದಯ್ಯ ತಿರುಗಿ ನೋಡಿದ. “ಹೌದಮ್ಮ. ನನ್ನ ಕೆನ್ನೇದು. ಮೂರು ತಿಂಗಳು ಊಟ ಮಾಡಿದ್ರೆ ಉರೀತಿತ್ತು.” ಇಷ್ಟು ಹೇಳಿ ಮತ್ತೆ ನಲ್ಲಿ ತಿರುಗಿಸಿದ.

ಜೂನಿಯರ್ ಇಬ್ಬರನ್ನೂ ಒಂದು ಸಲ ನೋಡಿದಳು. ಅವಳ ಒಂಬತ್ತರಲ್ಲಿ ನಾಲ್ಕು ಪ್ರಬಂಧಗಳು ಆ ವಾಕ್ಯದ ಮೇಲೇ ನಿಂತಿದ್ದವು. ಅವಳ ಕಣ್ಣಲ್ಲಿ ನೀರು ತುಂಬಿತು. ಅವನಿಗೆ ಅವಳ ಮೇಲೆ ಕನಿಕರವಾಯಿತು, ನಿಲ್ಲಲು ಹೊತ್ತಿರಲಿಲ್ಲ.

ಕೌಂಟರಿನ ಗುಮಾಸ್ತ ಊಟದ ಡಬ್ಬಿ ಬಿಚ್ಚುತ್ತಿದ್ದ.

“ಈಗ ರಿಪೋರ್ಟು ತಗೊಂಡು ಹೋದ್ರಲ್ಲ, ಆ ಟೈಲರ್ ಹೆಂಗಸಿನ ಫೋನ್ ನಂಬರ್ ಕೊಡಿ, ಬೇಗ!”

ಗುಮಾಸ್ತ ಕಂಪ್ಯೂಟರಿನಲ್ಲಿ ತೆಗೆದು ಓದಿದ. ಅವನು ತನ್ನ ಮೊಬೈಲಿನಲ್ಲಿ ಒತ್ತಿದ. ಗುಮಾಸ್ತನ ಮೇಜಿನ ಮೇಲಿದ್ದ ಫೋನು ಗಣಗಣ ಬಡಿದುಕೊಂಡಿತು.

“ನಮ್ಮದೇ ಹಾಕಿರ್ತೀವಿ ಸರ್” ಎಂದ ಗುಮಾಸ್ತ, ಸ್ವಲ್ಪ ನಾಚಿಕೊಂಡು. “ನಂಬರ್ ಹಾಕದೇ ಇದ್ರೆ ಈ ಮಿಷನ್ನು ಮುಂದಕ್ಕೇ ಹೋಗಲ್ಲ. ಹಳಬರು ಹಾಗೇ ಮಾಡ್ತಿದ್ರು, ನಾವೂ ಹಾಗೇ ಮಾಡ್ತಿದ್ದೀವಿ.”

“ವಿಳಾಸ?”

“ಅದೂ ನಮ್ಮದೇ ಸರ್.” ಗುಮಾಸ್ತ ಹೊರಗಡೆ ಬೆರಳು ಮಾಡಿದ. “ಬಸ್ ಸ್ಟಾಪ್ ಎಲ್ಲಿ ಅಂತ ಕೇಳಿದ್ರು. ಈಗಷ್ಟೇ ಹೋದ್ರು, ಓಡಿದ್ರೆ ಸಿಗ್ತಾರೆ.”

ಅವನು ಓಡಿದ. ಕಾಲೇಜು ಬಿಟ್ಟ ಮೇಲೆ ಓಡಿರಲಿಲ್ಲ. ಹೊಸ ಬೂಟು ಹಿಮ್ಮಡಿ ಕಚ್ಚುತ್ತಿತ್ತು. ಟೈ ಹೆಗಲ ಮೇಲೆ ಹಾರಿ ಬಿದ್ದಿತ್ತು. ಔಷಧಿ ಅಂಗಡಿ, ಹಣ್ಣಿನ ಗಾಡಿ, ಝೆರಾಕ್ಸ್ ಅಂಗಡಿ ದಾಟಿ ಬಸ್ ಸ್ಟಾಪಿಗೆ ಬಂದಾಗ ಬಸ್ಸು ತುಂಬಿ ಹೊರಡಲು ನಿಂತಿತ್ತು. ಕಿಟಕಿಯೊಂದರಲ್ಲಿ ಹಸಿರು ಟೇಪು ಕಂಡಿತು.

“ಅಮ್ಮಾ! ಇಳೀರಿ! ನಿಮ್ಮ ರಿಪೋರ್ಟು ತಪ್ಪಾಗಿದೆ!”

ಅವಳು ಬಗ್ಗಿ ನೋಡಿದಳು. ಮುಖ ಅರಳಿತು. “ನೀವಾ? ಬೆಳಿಗ್ಗೆ ಕೌಂಟರ್ ತೋರಿಸಿದವರಲ್ವಾ? ಸಿಕ್ತಪ್ಪಾ ರಿಪೋರ್ಟು. ಏನೂ ಇಲ್ವಂತೆ.”

“ಏನೂ ಇಲ್ಲ ಅನ್ನೋದು ತಪ್ಪು. ಇದೆ. ಬೇಗ ಆಪರೇಷನ್ ಮಾಡಿದ್ರೆ ಪೂರ್ತಿ ವಾಸಿಯಾಗುತ್ತೆ. ಹೆದರ್ಬೇಡಿ. ಇಳಿದು ನನ್ನ ಜೊತೆ ಬನ್ನಿ.”

ಅವಳ ಮುಖದ ಮೇಲಿನ ನಗು ಒಂದು ಕ್ಷಣ ಅಲ್ಲಾಡಿತು. ಮೂರು ರಾತ್ರಿ ನಿದ್ದೆ ಬಿಟ್ಟಿದ್ದ ಮುಖ ಅದು. ಅಷ್ಟು ಕಷ್ಟಪಟ್ಟು ಬಂದ ನಗುವನ್ನು ಯಾರೋ ದಾರಿಹೋಕನಿಗೆ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಚೀಲದಿಂದ ವರದಿ ತೆಗೆದು ಕಿಟಕಿಗೆ ಹಿಡಿದಳು.

“ಇಲ್ಲಿ ನೋಡಿ, ಕೆಳಗೆ ಯಾರ ಹೆಸರಿದೆ ಅಂತ. ಡಾಕ್ಟರಮ್ಮ ಹೇಳಿದ್ರು, ಇವರು ಬಲು ದೊಡ್ಡವರಂತೆ. ದೇಶವಿದೇಶದ ನಲವತ್ತೊಂದು ಜನ ಡಾಕ್ಟರುಗಳು ಇವರ ಮಾತು ಒಪ್ಪಿದ್ದಾರಂತೆ. ಇವರೇ ಏನೂ ಇಲ್ಲ ಅಂದ್ಮೇಲೆ ನಿಮ್ಮದೇನಪ್ಪಾ?”

“ಅದು ನಾನೇ ಕಣಮ್ಮಾ!”

“ಯಾವುದು?”

“ಆ ಹೆಸರು. ನಂದೇ ಅದು.”

ಅವಳು ಹೆಸರನ್ನು ನೋಡಿದಳು, ಅವನನ್ನು ನೋಡಿದಳು. ಬೆವರಿ ತೊಪ್ಪೆಯಾದ ಅಂಗಿ, ಹೆಗಲ ಮೇಲಿನ ಟೈ, ಜಾರಿದ ಕನ್ನಡಕ. ಅವನು ಜೇಬು ತಡಕಿದ. ಹೆಸರಿನ ಬಿಲ್ಲೆ ಕೋಟಿನಲ್ಲಿತ್ತು, ಕೋಟು ಗೂಟದಲ್ಲಿತ್ತು.

ಅವಳ ಹಿಂದಿನ ಸೀಟಿನ ಮೀಸೆಯವನು ಮುಂದಕ್ಕೆ ಬಾಗಿದ. “ಅಕ್ಕಾ, ಕಿಟಕಿ ಹಾಕಿ. ಟೈ ನೋಡಿದ್ರೆ ಗೊತ್ತಾಗಲ್ವಾ? ಪ್ರೈವೇಟ್ ಆಸ್ಪತ್ರೆ ಏಜೆಂಟ್ ಇವನು. ಆಪರೇಷನ್ ಅಂತ ಹೆದರಿಸಿ ಎಳ್ಕೊಂಡು ಹೋಗ್ತಾರೆ. ನಮ್ಮ ಭಾವನ್ನ ಹೀಗೇ ಎಳ್ಕೊಂಡು ಹೋದ್ರು.”

“ಹೌದಾ?” ಎಂದಿತು ಪಕ್ಕದ ಸೀಟು. “ಏಜೆಂಟಂತೆ” ಎಂದಿತು ಅದರ ಮುಂದಿನದು. ಏಜೆಂಟಂತೆ, ಏಜೆಂಟಂತೆ ಎಂದು ಮಾತು ಡ್ರೈವರನವರೆಗೂ ಹೋಯಿತು. ಡ್ರೈವರು ಹಾರನ್ ಬಾರಿಸಿದ.

“ನಾನು ಏಜೆಂಟ್ ಅಲ್ಲ! ಸ್ಲೈಡು ನೋಡಿದ್ದು ನಾನು! ನಾನೇ ನೋಡ್ದೆ, ನನ್ನ ಕಣ್ಣಾರೆ!” ಹನ್ನೆರಡು ವರ್ಷದಲ್ಲಿ ಅವನು ನಿಜವಾಗಿ ನೋಡಿ ಹೇಳಿದ ಮೊದಲ ಮಾತು ಅದು ಎಂದು ಅವನಿಗೇ ಅನ್ನಿಸಿತು.

“ಹೋಗಪ್ಪಾ, ಹೋಗು. ಬೇರೆ ಯಾರನ್ನಾದ್ರೂ ನೋಡ್ಕೋ” ಎಂದಳು ಅವಳು, ಬೇಸರವಿಲ್ಲದೆ, ಮತ್ತು ಗಾಜು ಎಳೆದುಕೊಂಡಳು.

ಬಸ್ಸು ಹೊರಟಿತು. ಅವನು ಪಕ್ಕದಲ್ಲೇ ಓಡಿದ. ಗಾಜಿನಾಚೆ ಮಾತು ಕೇಳಿಸುವುದಿಲ್ಲವೆಂದು ಗೊತ್ತಾಗಿ ಕೈಸನ್ನೆಗೆ ಇಳಿದ. ಕುತ್ತಿಗೆ, ಕುತ್ತಿಗೆ ಎನ್ನುತ್ತ ತನ್ನ ಕುತ್ತಿಗೆಯ ಎಡಭಾಗವನ್ನು ಎರಡು ಬೆರಳಿನಿಂದ ಒತ್ತಿ ಒತ್ತಿ ತೋರಿಸಿದ.

ಅವಳು ನೋಡಲಿಲ್ಲ. ಮೂರು ರಾತ್ರಿಯ ನಿದ್ದೆ ಅವಳನ್ನು ಆಗಲೇ ಹಿಡಿದಿತ್ತು. ತಲೆ ಕಿಟಕಿಗೆ ಒರಗಿತ್ತು, ಬಾಯಿ ಕೊಂಚ ತೆರೆದಿತ್ತು.

ನೋಡಿದವನು ಮೀಸೆಯವನು. ಏನೋ ಅಂಟಿದೆಯೇನೋ ಎಂಬಂತೆ ಅವನ ಎರಡು ಬೆರಳು ತನ್ನ ಕುತ್ತಿಗೆಯ ಎಡಭಾಗಕ್ಕೆ ಹೋದವು. ಅವನನ್ನು ನೋಡಿ ಪಕ್ಕದವಳು ತನ್ನ ಕುತ್ತಿಗೆ ಮುಟ್ಟಿಕೊಂಡಳು. ಅವಳನ್ನು ನೋಡಿ ಹಿಂದಿನ ಮುದುಕ, ಮುದುಕನನ್ನು ನೋಡಿ ಕಂಬಿ ಹಿಡಿದು ನಿಂತಿದ್ದ ಇಬ್ಬರು. ಬಸ್ಸು ತಿರುವು ತೆಗೆದುಕೊಳ್ಳುವಾಗ ಉದ್ದಕ್ಕೂ ಎಲ್ಲ ಕಿಟಕಿಗಳೂ ಅವನಿಗೆ ಕಂಡವು. ನಿದ್ದೆ ಹೋದವಳೊಬ್ಬಳನ್ನು ಬಿಟ್ಟು ಪ್ರತಿಯೊಬ್ಬರೂ, ಎಡಗಡೆ, ಎರಡೇ ಬೆರಳಿನಿಂದ, ತಮ್ಮ ತಮ್ಮ ಕುತ್ತಿಗೆಯನ್ನು ಒತ್ತಿಕೊಂಡು ಕೂತಿದ್ದರು.